ನೀತಿಯ ಎರಡು ಅರ್ಧ: ಜಪಾನಿನ ಗಿರಣಿಗಳಲ್ಲಿ ಕನ್‌ಫ್ಯೂಷಿಯಸ್ ಮೌಲ್ಯಗಳು ಮತ್ತು ಕಾರ್ಮಿಕರ ಕೆಲಸ, 1872–1930

ಗಡಿನಾಡಿನ ಕನ್ನಡಿಗರ ಗೋಷ್ಠಿಯಲ್ಲಿ ಜಪಾನಿನ ವಿಷಯ ಯಾಕೆ ಅಂತ ಕೇಳಿದರೆ ತಪ್ಪಿಲ್ಲ. ಅದಕ್ಕೆ ಎರಡು ಕಾರಣ ಹೇಳಿ ಮುಂದೆ ಹೋಗುತ್ತೇನೆ.

ಮೊದಲನೆಯದು, ನಮ್ಮಲ್ಲಿ ಅನೇಕರು ವಾಣಿಜ್ಯ, ಮ್ಯಾನೇಜ್‌ಮೆಂಟ್ ವಿಭಾಗದವರು. ಆಡಳಿತದಲ್ಲಿ ಕನ್‌ಫ್ಯೂಷಿಯಸ್ ಮೌಲ್ಯಗಳಿದ್ದರೆ ನೌಕರರ ಕಾರ್ಯಕ್ಷಮತೆ ಹೆಚ್ಚುತ್ತದೆ ಅನ್ನುವ ಮಾತನ್ನು ಪಠ್ಯಪುಸ್ತಕದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಎರಡನೆಯದು, ಸೊಲ್ಲಾಪುರ ಗಿರಣಿಯ ಊರು. 1870ರ ದಶಕದಲ್ಲಿ ಇಲ್ಲಿ ಮೊದಲ ನೂಲಿನ ಗಿರಣಿ ಬಂತು. ಸುತ್ತಲಿನ ಕನ್ನಡ, ತೆಲುಗು, ಮರಾಠಿ ಹಳ್ಳಿಗಳ ಜನ ಅದರ ಭೋಂಗಾದ ಸದ್ದಿಗೆ ಏಳುವುದನ್ನು ಕಲಿತರು. ಹೆಚ್ಚು ಕಡಿಮೆ ಅದೇ ಕಾಲಕ್ಕೆ ಜಪಾನಿನಲ್ಲೂ ಗಿರಣಿಗಳು ಎದ್ದವು. ಮುಂಬಯಿ ಪ್ರಾಂತದ ನೂಲಿಗೆ ಚೀನಾದಲ್ಲಿ ಇದ್ದ ಮಾರುಕಟ್ಟೆಯನ್ನು ಮುಂದಿನ ಮೂರು ದಶಕಗಳಲ್ಲಿ ಕಸಿದುಕೊಂಡದ್ದು ಇವೇ ಗಿರಣಿಗಳು. ಹಾಗಾಗಿ ಅಲ್ಲಿನ ಕೆಲಸಗಾರರು ಹೇಗೆ ದುಡಿದರು, ಅವರಿಗೆ ಯಾವ ನೀತಿ ಹೇಳಲಾಯಿತು, ಆ ನೀತಿ ಅವರ ಕೆಲಸವನ್ನು ಏನು ಮಾಡಿತು ಎಂಬ ಪ್ರಶ್ನೆ ನಮಗೆ ಪೂರ್ತಿ ದೂರದ್ದೇನೂ ಅಲ್ಲ.

ನನ್ನ ವಾದ ಇಷ್ಟು. ಕನ್‌ಫ್ಯೂಷಿಯಸ್ ನೀತಿಯಲ್ಲಿ ಎರಡು ಅರ್ಧಗಳಿವೆ. ಒಂದು ಕೆಳಗಿನವನ ಕರ್ತವ್ಯ, ಇನ್ನೊಂದು ಮೇಲಿನವನ ಕರ್ತವ್ಯ. ಜಪಾನಿನ ಗಿರಣಿಗಳ ಚರಿತ್ರೆ ನೋಡಿದರೆ, ಮೊದಲ ಅರ್ಧವನ್ನಷ್ಟೇ ಬೋಧಿಸಿದ ಕಡೆ ಕೆಲಸಗಾರರು ನಿಲ್ಲಲಿಲ್ಲ, ಓಡಿಹೋದರು. ಎರಡನೆಯ ಅರ್ಧಕ್ಕೂ ಬೆಲೆ ಕೊಟ್ಟ ಕಡೆ ಕೆಲಸ ನಿಂತಿತು, ಗುಣಮಟ್ಟ ಬಂತು. ಅದೂ ಮಾಲಕರು ತಾವಾಗಿ ಕೊಟ್ಟದ್ದಕ್ಕಿಂತ ಕೂಲಿಕಾರರ ಕೊರತೆ, ಕಾನೂನು, ಮುಷ್ಕರ ಕೊಡಿಸಿದ್ದೇ ಹೆಚ್ಚು.

ನೀತಿ ಅಂದರೆ ಏನು?

ಕ್ರಿಸ್ತಪೂರ್ವ 6–5ನೆಯ ಶತಮಾನದ ಕನ್‌ಫ್ಯೂಷಿಯಸ್ ಕಾರ್ಖಾನೆಯ ಬಗ್ಗೆ ಏನೂ ಹೇಳಿದವನಲ್ಲ. ಅವನ ಚಿಂತೆ ಸಂಬಂಧಗಳದ್ದು. ಅರಸ–ಮಂತ್ರಿ, ತಂದೆ–ಮಗ, ಗಂಡ–ಹೆಂಡತಿ, ಅಣ್ಣ–ತಮ್ಮ, ಗೆಳೆಯ–ಗೆಳೆಯ ಎಂಬ ಐದು ಸಂಬಂಧಗಳನ್ನು ಅವನ ಪರಂಪರೆ ಎಣಿಸುತ್ತದೆ. ಗೆಳೆತನ ಒಂದನ್ನು ಬಿಟ್ಟರೆ ಉಳಿದೆಲ್ಲದರಲ್ಲೂ ಮೇಲು–ಕೆಳಗು ಇದೆ. ಆದರೆ ಗಮನಿಸಿ, ಇಲ್ಲಿ ಒಬ್ಬನಿಗೇ ಕರ್ತವ್ಯ ಹೇಳಿಲ್ಲ. ಮಗ ಮಗನ ಹಾಗೆ ಇರಬೇಕಾದರೆ ತಂದೆ ತಂದೆಯ ಹಾಗೆ ಇರಬೇಕು. ಹೆಸರಿಗೆ ತಕ್ಕ ನಡತೆ ಇಲ್ಲದಿದ್ದರೆ ಆ ಹೆಸರೇ ಸುಳ್ಳು. ಇಡೀ ನೀತಿಯ ನಡುಗಂಬ ‘ರೆನ್’, ಅಂದರೆ ಮನುಷ್ಯತ್ವ, ಕರುಣೆ. ಜಪಾನಿಯಲ್ಲಿ ಇದನ್ನು ‘ಜಿನ್’ ಅನ್ನುತ್ತಾರೆ. ಇದು ಮುಖ್ಯವಾಗಿ ಅಧಿಕಾರ ಇದ್ದವನಿಗೆ ಹೇಳಿದ ಗುಣ.

ಜಪಾನಿಗೆ ಈ ನೀತಿ ಬಂದಾಗ ತೂಕ ಸ್ವಲ್ಪ ಆಚೀಚೆ ಆಯಿತು. ಅರ್ಥಶಾಸ್ತ್ರಜ್ಞ ಮೊರಿಶಿಮಾ ಮಿಚಿಯೊ 1982ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನೇ ವಾದಿಸಿದರು. ಚೀನಾದಲ್ಲಿ ‘ಜಿನ್’ ಮೊದಲ ಸ್ಥಾನದಲ್ಲಿತ್ತು, ಜಪಾನಿನಲ್ಲಿ ‘ಚೂ’ ಅಂದರೆ ಒಡೆಯನಿಗೆ ನಿಷ್ಠೆ ಮುಂದೆ ಬಂತು. 1890ರ ಶಿಕ್ಷಣದ ರಾಜಶಾಸನ ಶಾಲೆಯ ಮಕ್ಕಳಿಗೆ ಕಲಿಸಿದ್ದೂ ಅರಸನಿಗೆ ನಿಷ್ಠೆ, ತಂದೆತಾಯಿಗೆ ವಿಧೇಯತೆ. ಗಿರಣಿಗೆ ಬರುವ ಹುಡುಗಿಯರು ಇಂಥ ಪಾಠ ಕೇಳಿಯೇ ಬರುತ್ತಿದ್ದರು.

ಟೊಮಿಯೋಕಾ: ಮೇಷ್ಟರು ನಡೆಸಿದ ಗಿರಣಿ

1872ರಲ್ಲಿ ಜಪಾನ್ ಸರ್ಕಾರ ಟೊಮಿಯೋಕಾದಲ್ಲಿ ಮಾದರಿ ರೇಷ್ಮೆ ಗಿರಣಿ ತೆರೆಯಿತು. ನೂಲು ಬಿಚ್ಚುವ 300 ಬಾನಿಗಳಿದ್ದ ದೊಡ್ಡ ಗಿರಣಿ ಅದು. ಫ್ರೆಂಚ್ ತಜ್ಞ ಪಾಲ್ ಬ್ರ್ಯೂನಾ ಕಟ್ಟಿಸಿದ. ಮೊದಲ ಮುಖ್ಯಸ್ಥ ಓಡಾಕಾ ಅತ್ಸುತಾದಾ. ಇವರು ಮೂಲತಃ ಕನ್‌ಫ್ಯೂಷಿಯಸ್ ವಿದ್ವಾಂಸರು. ತಮ್ಮ ಸೋದರಸಂಬಂಧಿ ಶಿಬುಸಾವಾ ಎಯಿಚಿಗೆ ಎಳೆಯ ವಯಸ್ಸಿನಲ್ಲಿ ಕನ್‌ಫ್ಯೂಷಿಯಸ್‌ನ ಸಂವಾದಗಳನ್ನು ಪಾಠ ಹೇಳಿದವರು ಇವರೇ. ಶಿಬುಸಾವಾ ಮುಂದೆ ಜಪಾನಿನ ಉದ್ಯಮದ ಪಿತಾಮಹ ಅನ್ನಿಸಿಕೊಂಡರು. 2024ರಿಂದ ಹತ್ತು ಸಾವಿರ ಯೆನ್ ನೋಟಿನ ಮೇಲೆ ಇರುವುದು ಅವರದೇ ಚಿತ್ರ.

ಗಿರಣಿ ತಯಾರಾದರೂ ಕೆಲಸಕ್ಕೆ ಯಾರೂ ಬರಲಿಲ್ಲ. ಫ್ರೆಂಚರು ಕುಡಿಯುವ ಕೆಂಪು ದ್ರಾಕ್ಷಾರಸ ನೋಡಿ, ಅವರು ಹುಡುಗಿಯರ ರಕ್ತ ಹೀರುತ್ತಾರೆ ಅಂತ ಸುದ್ದಿ ಹಬ್ಬಿತ್ತು. ಓಡಾಕಾ ಆಗ ಭಾಷಣ ಮಾಡುತ್ತ ಕೂರಲಿಲ್ಲ, ತಮ್ಮ ಸ್ವಂತ ಮಗಳು ಯೂ ಎಂಬವಳನ್ನೇ ಮೊದಲು ಸೇರಿಸಿದರು. ಅದಾದ ಮೇಲೆ ಸಮುರಾಯಿ ಮನೆತನಗಳ ಹುಡುಗಿಯರೂ ಬಂದರು. ಮೇಲಿನವನು ಮೊದಲು ತಾನು ನಡೆದು ತೋರಿಸಬೇಕು ಅನ್ನುವ ನೀತಿ ಅಕ್ಷರಶಃ ಕೆಲಸ ಮಾಡಿದ ಉದಾಹರಣೆ ಇದು.

ಅಲ್ಲಿ ವಾರಕ್ಕೊಂದು ರಜೆ ಇತ್ತು, ಕೆಲಸದ ಹೊತ್ತು ಮಿತಿಯಲ್ಲಿತ್ತು. ಮಾತ್ಸುಶಿರೋ ಊರಿನಿಂದ 1873ರಲ್ಲಿ ಬಂದ ವಾದಾ ಎಯಿ ಎಂಬಾಕೆ ಮುಂದೆ ತನ್ನ ನೆನಪುಗಳನ್ನು ಬರೆದಿದ್ದಾಳೆ. ತಮ್ಮ ಗುಂಪು ಇನ್ನೂ ಗೂಡು ಆರಿಸುವ ಕೆಲಸದಲ್ಲೇ ಇದ್ದಾಗ, ತಮಗಿಂತ ತಡವಾಗಿ ಯಾಮಾಗುಚಿಯಿಂದ ಬಂದ ಹುಡುಗಿಯರನ್ನು ನೇರವಾಗಿ ನೂಲು ಬಿಚ್ಚಲು ಕೂರಿಸಿದ್ದಕ್ಕೆ ಇವರು ಅತ್ತು, ಮೇಲ್ವಿಚಾರಕರ ಹತ್ತಿರ ದೂರು ಒಯ್ದದ್ದು ಅದರಲ್ಲಿದೆ. ಯಾಮಾಗುಚಿ ಅಂದರೆ ಆಗಿನ ಸರ್ಕಾರದ ದೊಡ್ಡವರ ಸೀಮೆ. ವಶೀಲಿ ನಡೆಯಿತೆಂದು ಇವರಿಗೆ ಅನ್ನಿಸಿತು. ಇಲ್ಲಿ ನನಗೆ ಮುಖ್ಯವಾದದ್ದು ಒಂದೇ. ವಿಧೇಯತೆಯ ಪಾಠ ಕಲಿತು ಬಂದ ಹುಡುಗಿಯರೇ ಮೇಲಿನವರ ನ್ಯಾಯವನ್ನು ಮೊದಲ ದಿನದಿಂದ ಅಳೆಯುತ್ತಿದ್ದರು.

ಟೊಮಿಯೋಕಾ ಜನರನ್ನು ತಯಾರು ಮಾಡಿತು, ದುಡ್ಡು ಮಾಡಲಿಲ್ಲ. 1893ರಲ್ಲಿ ಸರ್ಕಾರ ಅದನ್ನು ಮಿತ್ಸುಯಿ ಮನೆತನಕ್ಕೆ ಮಾರಿತು. ಅಷ್ಟರಲ್ಲಿ ಬೇರೆ ಜಾತಿಯ ಗಿರಣಿಗಳು ಬೆಳೆದಿದ್ದವು.

ಒಸಾಕಾ: ರಾತ್ರಿ ಪಾಳಿ ಮತ್ತು ಮುಂಬಯಿಯ ಹತ್ತಿ

ಶಿಬುಸಾವಾ ಮುಂದಾಳತ್ವದಲ್ಲಿ 1882ರಲ್ಲಿ ಒಸಾಕಾ ನೂಲಿನ ಕಂಪನಿ ಹುಟ್ಟಿತು. ಮರುವರ್ಷ 10,500 ಕದಿರುಗಳೊಂದಿಗೆ ಕೆಲಸ ಶುರು ಮಾಡಿತು. ಇಂಗ್ಲೆಂಡಿನಲ್ಲಿ ಕಲಿತು ಬಂದ ಯಾಮಾನೊಬೆ ತಾಕೆಯೊ ಅದರ ಎಂಜಿನಿಯರ್. ಯಂತ್ರ ದುಬಾರಿ, ಬಂಡವಾಳ ಕಡಿಮೆ. ಹಾಗಾದರೆ ಯಂತ್ರ ನಿಲ್ಲಬಾರದು. ಹಗಲು ಒಂದು ಪಾಳಿ, ರಾತ್ರಿ ಒಂದು ಪಾಳಿ. 1886ರಲ್ಲಿ ವಿದ್ಯುತ್ ದೀಪ ಬಂತು, ರಾತ್ರಿ ಪಾಳಿ ಖಾಯಂ ಆಯಿತು. ಲಾಭ ನೋಡಿ ಉಳಿದವರೂ ಅದೇ ದಾರಿ ಹಿಡಿದರು.

ಇಲ್ಲೇ ನಮ್ಮ ಕಡೆಯ ನಂಟು ಬರುತ್ತದೆ. ಗಿರಣಿಗಳಿಗೆ ಅಗ್ಗದ ಹತ್ತಿ ಬೇಕಿತ್ತು. 1893ರಲ್ಲಿ ಜಮ್‌ಶೆಟ್‌ಜಿ ಟಾಟಾ ಜಪಾನಿಗೆ ಹೋದಾಗ ಶಿಬುಸಾವಾ ಅವರೊಂದಿಗೆ ಮಾತುಕತೆ ನಡೆಯಿತು. ಅದೇ ವರ್ಷದ ಕೊನೆಗೆ ನಿಪ್ಪಾನ್ ಯೂಸೆನ್ ಕಂಪನಿಯ ಹಡಗುಗಳು ಮುಂಬಯಿಯಿಂದ ಹತ್ತಿ ಸಾಗಿಸತೊಡಗಿದವು. 1897ರ ಹೊತ್ತಿಗೆ ಜಪಾನ್ ತಾನು ತರಿಸಿಕೊಳ್ಳುವುದಕ್ಕಿಂತ ಹೆಚ್ಚು ನೂಲನ್ನು ಹೊರಗೆ ಕಳಿಸುತ್ತಿತ್ತು. ಅಂದರೆ ನಮ್ಮ ಸೀಮೆಯ ಹತ್ತಿ ಅಲ್ಲಿಗೆ ಹೋಗಿ, ಅಲ್ಲಿನ ಹುಡುಗಿಯರ ರಾತ್ರಿ ಪಾಳಿಯಲ್ಲಿ ನೂಲಾಗಿ, ಚೀನಾದಲ್ಲಿ ನಮ್ಮ ಗಿರಣಿಗಳ ನೂಲಿಗೇ ಎದುರು ನಿಂತಿತು. 1898ರಲ್ಲಿ ಎಂ. ವಿಶ್ವೇಶ್ವರಯ್ಯ ಜಪಾನಿಗೆ ಹೋಗಿ ನೋಡಿ ಮೆಚ್ಚಿದ್ದು ಈ ಏಳಿಗೆಯನ್ನೇ. ಜಪಾನಿನಿಂದ ಕಲಿಯಬೇಕು ಅನ್ನುವ ಮಾತು ಕನ್ನಡ ನಾಡಿನಲ್ಲಿ ಅಷ್ಟು ಹಳೆಯದು.

ಓಡಿಹೋದವರ ಲೆಕ್ಕ

ಈಗ ‘ಕಾರ್ಯಕ್ಷಮತೆ’ ಅನ್ನುವ ಪದಕ್ಕೆ ಬರೋಣ. ಇವತ್ತಿನ ಸಮೀಕ್ಷೆಯಲ್ಲಿ ಒಂದರಿಂದ ಐದರವರೆಗೆ ಅಂಕ ಹಾಕಿಸುತ್ತೇವೆ. ಆ ಕಾಲದ ರೇಷ್ಮೆ ಗಿರಣಿಯಲ್ಲಿ ಅಳತೆ ಬೇರೆ ಇತ್ತು, ಬಹಳ ನಿಖರವಾಗಿತ್ತು. ನಾಗಾನೊ ಪ್ರಾಂತದ ಸುವಾ ಸೀಮೆಯ ಗಿರಣಿಗಳಲ್ಲಿ ಒಬ್ಬಳು ದಿನಕ್ಕೆ ಎಷ್ಟು ನೂಲು ಬಿಚ್ಚಿದಳು, ಇಷ್ಟು ಗೂಡಿಗೆ ಎಷ್ಟು ನೂಲು ಬಂತು, ಎಳೆ ಒಂದೇ ಸಮ ಇದೆಯೇ, ಹೊಳಪು ಹೇಗಿದೆ ಎಂದು ಲೆಕ್ಕ ಇಡುತ್ತಿದ್ದರು. ಅಮೆರಿಕದ ಮಗ್ಗಗಳಿಗೆ ಎಳೆ ಸಮ ಇರಲೇಬೇಕಿತ್ತು.

ಕೂಲಿ ಹಂಚುವ ರೀತಿ ಮಾತ್ರ ವಿಚಿತ್ರ. ಒಟ್ಟು ಕೂಲಿಯ ಮೊತ್ತ ಮೊದಲೇ ನಿಗದಿ. ಅದನ್ನು ಹುಡುಗಿಯರನ್ನು ಒಬ್ಬರಿಗೊಬ್ಬರು ಹೋಲಿಸಿ, ದರ್ಜೆ ಹಚ್ಚಿ ಹಂಚುತ್ತಿದ್ದರು. ಎಲ್ಲರೂ ಚೆನ್ನಾಗಿ ಮಾಡಿದರೂ ಗಿರಣಿಯ ಖರ್ಚು ಏರುವುದಿಲ್ಲ. ಒಬ್ಬಳಿಗೆ ಹೆಚ್ಚು ಸಿಕ್ಕರೆ ಅದು ಪಕ್ಕದವಳ ಕೂಲಿಯಿಂದ ಕಡಿದದ್ದು. ಬಾಯಲ್ಲಿ ನಾವೆಲ್ಲ ಒಂದೇ ಕುಟುಂಬ, ಲೆಕ್ಕದ ಪುಸ್ತಕದಲ್ಲಿ ಅಕ್ಕತಂಗಿಯರನ್ನು ಎದುರುಬದುರು ನಿಲ್ಲಿಸಿದ ಪಂದ್ಯ.

ಇನ್ನೊಂದು ಕೊಂಡಿ ತಂದೆಯದು. ಕರಾರಿಗೆ ಸಹಿ ಹಾಕುವವನು ಹುಡುಗಿಯ ತಂದೆ ಅಥವಾ ಮನೆಯ ಯಜಮಾನ. ಮುಂಗಡ ಹಣ ಅವನ ಕೈಗೆ. ನಮ್ಮ ಕಡೆ ಕಬ್ಬು ಕಡಿಯುವ ಟೋಳಿಗೆ ಕೊಡುವ ಉಚಲ್ ಇದ್ದ ಹಾಗೆ ನೋಡ್ರಿ. ದುಡಿದು ತೀರಿಸಬೇಕಾದವಳು ಮಗಳು. ಅವಳು ನಡುವೆ ಬಿಟ್ಟರೆ ತಂದೆಯ ಮೇಲೆ ಸಾಲ, ದಂಡ. ಪಿತೃಭಕ್ತಿ ಇಲ್ಲಿ ಬರೀ ಭಾವನೆಯಾಗಿ ಉಳಿಯಲಿಲ್ಲ, ಕಾಗದದ ಮೇಲೆ ಜಾಮೀನಾಯಿತು.

ಇಷ್ಟೆಲ್ಲ ಕಟ್ಟಿದರೂ ಹುಡುಗಿಯರು ನಿಂತರೇ? ಇಲ್ಲ. 1886ರಲ್ಲೇ ಕೋಫು ಪಟ್ಟಣದ ಅಮೆಮಿಯಾ ರೇಷ್ಮೆ ಗಿರಣಿಯ ಸುಮಾರು ನೂರು ಹುಡುಗಿಯರು, ದುಡಿಮೆಯ ಹೊತ್ತು ಹೆಚ್ಚಿಸಿದ್ದಕ್ಕೆ ಕೆಲಸ ಬಿಟ್ಟು ಒಂದು ದೇಗುಲದಲ್ಲಿ ಹೋಗಿ ಕೂತರು. ಜಪಾನಿನ ಮೊದಲ ಕಾರ್ಖಾನೆ ಮುಷ್ಕರ ಅಂತ ಇದನ್ನು ಎಣಿಸುತ್ತಾರೆ. ಆದರೆ ಮುಷ್ಕರಕ್ಕಿಂತ ಸಾಮಾನ್ಯವಾದ ಉತ್ತರ ಓಟ. ಕೃಷಿ–ವಾಣಿಜ್ಯ ಸಚಿವಾಲಯ 1903ರಲ್ಲಿ ‘ಶೊಕ್ಕೋ ಜಿಜೋ’ ಎಂಬ ದೊಡ್ಡ ವರದಿ ಪ್ರಕಟಿಸಿತು, ಅಂದರೆ ಕಾರ್ಖಾನೆ ಕೆಲಸಗಾರರ ಸ್ಥಿತಿಗತಿ. ಹಾಸ್ಟೆಲ್ಲಿನ ಬೀಗ, ದಲ್ಲಾಳಿಗಳ ಸುಳ್ಳು, ಹಿಡಿದು ತಂದವರಿಗೆ ಶಿಕ್ಷೆ, ಎಲ್ಲ ಅದರಲ್ಲಿ ದಾಖಲಾಗಿದೆ. ಅನೇಕ ನೂಲಿನ ಗಿರಣಿಗಳಲ್ಲಿ ವರ್ಷದೊಳಗೆ ಅರ್ಧಕ್ಕರ್ಧ ಜನ ಬಿಟ್ಟುಹೋಗುವುದು ಮಾಮೂಲು. ಕೈ ಪಳಗುವ ಹೊತ್ತಿಗೆ ಆಳು ಮಾಯ. ಎಳೆ ಕಡಿಯುವುದು, ಹತ್ತಿ ಹಾಳಾಗುವುದು, ಹೊಸಬರಿಗೆ ಮತ್ತೆ ಕಲಿಸುವುದು, ಇದೆಲ್ಲ ಗಿರಣಿಯ ನಷ್ಟವೇ.

ಓಡಲಾಗದವರ ಕಥೆ ಇನ್ನೊಂದು. ವೈದ್ಯ ಇಶಿಹಾರಾ ಒಸಾಮು 1913ರಲ್ಲಿ ಗಿರಣಿ ಹುಡುಗಿಯರ ಕ್ಷಯರೋಗದ ಬಗ್ಗೆ ಉಪನ್ಯಾಸ ಕೊಟ್ಟರು. ಕಾಯಿಲೆ ಬಿದ್ದವರನ್ನು ಊರಿಗೆ ಕಳಿಸಿಬಿಡುತ್ತಿದ್ದರು. ಸಾವು ಹಳ್ಳಿಯಲ್ಲಿ ನಡೆಯುತ್ತಿತ್ತು, ಗಿರಣಿಯ ಪುಸ್ತಕಕ್ಕೆ ಬರುತ್ತಿರಲಿಲ್ಲ. ಒಂದು ಸಂಸ್ಥೆಯ ಒಳಗೆ ಮಾತ್ರ ಅಳೆದ ಕಾರ್ಯಕ್ಷಮತೆ ಎಷ್ಟನ್ನು ಮುಚ್ಚಿಡಬಲ್ಲದು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

“ಕಾನೂನು ಬೇಡ, ಮಮತೆ ಸಾಕು”

ಕಾರ್ಖಾನೆ ಕಾನೂನು ತರುವ ಮಾತು 1890ರ ದಶಕದಲ್ಲೇ ಎದ್ದಿತು. ಆಗ ಮಾಲಕರ ಕಡೆಯಿಂದ ಬಂದ ವಾದ ಗಮನಿಸಿ. ನಮ್ಮಲ್ಲಿ ಮಾಲಕ–ಕೆಲಸಗಾರರ ಸಂಬಂಧ ತಂದೆ–ಮಕ್ಕಳದು, ಪಶ್ಚಿಮದ ಹಾಗೆ ಬರೀ ಕೂಲಿಯದಲ್ಲ, ಕಾನೂನು ನಡುವೆ ಬಂದರೆ ನಮ್ಮ ಈ ಸುಂದರ ಪದ್ಧತಿ ಕೆಡುತ್ತದೆ ಅಂತ. ಶಿಬುಸಾವಾ ಅವರೂ ಆರಂಭದಲ್ಲಿ ಕಾನೂನಿಗೆ, ಅದರಲ್ಲೂ ರಾತ್ರಿ ಪಾಳಿಯ ನಿಷೇಧಕ್ಕೆ ವಿರುದ್ಧವಾಗಿದ್ದರು. ಮುಂದೆ ನಿಲುವು ಬದಲಿಸಿದರು. ಕನ್‌ಫ್ಯೂಷಿಯಸ್‌ನನ್ನು ಬಾಲ್ಯದಿಂದ ಓದಿದ ಮನುಷ್ಯನಿಗೂ ಹತ್ತಿ ಗಿರಣಿಯ ಲಾಭ ಎದುರಿಗಿದ್ದಾಗ ‘ಜಿನ್’ ತಡವಾಗಿ ನೆನಪಾಯಿತು ಅನ್ನೋದು ಕಟು ಮಾತು, ಆದರೆ ಚರಿತ್ರೆ ಅದೇ.

ಕಾನೂನು 1911ರಲ್ಲಿ ಪಾಸಾಯಿತು, 1916ರಲ್ಲಿ ಜಾರಿಗೆ ಬಂತು. ಹೆಂಗಸರಿಗೆ, 15 ವರ್ಷದೊಳಗಿನವರಿಗೆ ದಿನಕ್ಕೆ 12 ತಾಸಿನ ಮಿತಿ, ಅದಕ್ಕೂ ವಿನಾಯಿತಿಗಳು. ರಾತ್ರಿ ಪಾಳಿ ನಿಜವಾಗಿ ನಿಂತದ್ದು 1929ರ ಜುಲೈನಲ್ಲಿ. ಸುಂದರ ಪದ್ಧತಿಯ ಹೆಸರಿನಲ್ಲಿ ಮೂರು ದಶಕ ಕಳೆದವು.

ಕನೆಬೋ: ಕುಟುಂಬ ಎಲ್ಲಿಂದ ಬಂತು?

ಹಂಗಂತ ಎಲ್ಲ ಮಾಲಕರೂ ಬಾಯಿಮಾತಿನವರಲ್ಲ. ಇಲ್ಲಿ ಮುತೊ ಸಾಂಜಿ ಅವರ ಪ್ರಕರಣ ಸ್ವಲ್ಪ ವಿವರವಾಗಿ ಹೇಳಬೇಕು. ಕನೆಗಾಫುಚಿ ನೂಲಿನ ಕಂಪನಿ, ಚಿಕ್ಕದಾಗಿ ಕನೆಬೋ, ಹ್ಯೋಗೊದಲ್ಲಿ ಗಿರಣಿ ಕಟ್ಟಿದಾಗ ಅದರ ಹೊಣೆ 1894ರಲ್ಲಿ ಇವರಿಗೆ ಬಂತು. ಹೊಸ ಗಿರಣಿಗೆ ಪಳಗಿದ ಕೈ ಬೇಕು. ಒಸಾಕಾ ಕಡೆಯ ಗಿರಣಿಗಳವರು, ನಮ್ಮ ಆಳುಗಳನ್ನು ಸೆಳೆಯುತ್ತಾರೆ ಅಂತ ಜಗಳಕ್ಕೆ ನಿಂತರು. ಆಳುಗಳು ಹ್ಯೋಗೊಗೆ ಯಾಕೆ ಹೋದರು? ಅಲ್ಲಿ ನಡೆಸಿಕೊಳ್ಳುವ ರೀತಿ ಮೇಲಾಗಿತ್ತು, ಅದಕ್ಕೆ.

ಮುತೊ ಮುಂದೆ ಇದನ್ನೇ ಪದ್ಧತಿ ಮಾಡಿದರು. 1903ರಲ್ಲಿ ಕೆಲಸಗಾರರ ಸಲಹೆ ಹಾಕಲು ಪೆಟ್ಟಿಗೆ ಇಟ್ಟರು, ಗಿರಣಿಯದೇ ಪತ್ರಿಕೆ ಹೊರಡಿಸಿದರು. 1905ರಲ್ಲಿ ಪರಸ್ಪರ ಸಹಾಯ ನಿಧಿ ಕಟ್ಟಿದರು, ಕಾಯಿಲೆ, ಅಪಘಾತ, ನಿವೃತ್ತಿಗೆ ಅದರಿಂದ ಹಣ. ಇದನ್ನೆಲ್ಲ ‘ಕುಟುಂಬ ಭಾವ’ ಅಂತ ಕರೆದರು. ಜಪಾನಿನ ಪುರಾತನ ನೀತಿ ಅಂತಲೂ ಹೊಗಳಿಕೆ ಬಂತು.

ಆದರೆ ಮೂಲ ಹುಡುಕಿದರೆ ತಮಾಷೆ ಇದೆ. ಸಹಾಯ ನಿಧಿಯ ಮಾದರಿ ಜರ್ಮನಿಯ ಕ್ರುಪ್ ಉಕ್ಕಿನ ಕಾರ್ಖಾನೆಯದು. ಸಲಹೆ ಪೆಟ್ಟಿಗೆಯ ಮಾದರಿ ಅಮೆರಿಕದ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯದು. ಮುತೊ ಸ್ವತಃ ಅಮೆರಿಕದಲ್ಲಿ ಓದಿ ಬಂದವರು. ಅಂದರೆ ಸಾಮಾನು ಪಶ್ಚಿಮದ್ದು, ಅದಕ್ಕೆ ಹಚ್ಚಿದ ಹೆಸರು ಪೂರ್ವದ್ದು. ಹಾಗಾದರೆ ಹೆಸರಿಗೆ ಬೆಲೆಯೇ ಇಲ್ಲವೇ? ಇದೆ. ಸಲಹೆ ಪೆಟ್ಟಿಗೆ ಬರೀ ತಂತ್ರ ಆಗಿದ್ದರೆ ಯಾವಾಗ ಬೇಕಾದರೂ ತೆಗೆದುಹಾಕಬಹುದಿತ್ತು. ಅದನ್ನು ತಂದೆಯ ಕರ್ತವ್ಯ ಅಂತ ಕರೆದ ಮೇಲೆ ಹಿಂದಕ್ಕೆ ಹೋಗುವುದು ಕಷ್ಟ. ಕೆಲಸಗಾರರು ಆ ಮಾತನ್ನೇ ಹಿಡಿದು ಲೆಕ್ಕ ಕೇಳಬಹುದು.

ಕೇಳಿದರು ಕೂಡ. 1930ರ ಆರಂಭದಲ್ಲಿ ಮುತೊ ಅಧ್ಯಕ್ಷ ಪದವಿ ಬಿಟ್ಟರು. ಆರ್ಥಿಕ ಕುಸಿತದ ಕಾಲ. ಅದೇ ವರ್ಷ ಕಂಪನಿ ವೇತನ ಕಡಿತ ಮಾಡಿದಾಗ, ಮಮತೆಗೆ ಹೆಸರಾದ ಕನೆಬೋದಲ್ಲೇ ಮುಷ್ಕರ ಎದ್ದಿತು. ದೇಶವೆಲ್ಲ ಬೆರಗಾಯಿತು. ನನಗೆ ಇದು ಬೆರಗಿನ ವಿಷಯ ಅನ್ನಿಸುವುದಿಲ್ಲ. ಮೇಲಿನವರು ತಮ್ಮ ಅರ್ಧ ಮುರಿದರು, ಕೆಳಗಿನವರು ತಮ್ಮ ಅರ್ಧ ನಿಲ್ಲಿಸಿದರು. ಕನ್‌ಫ್ಯೂಷಿಯಸ್ ನೀತಿಯ ಲೆಕ್ಕದಲ್ಲೇ ಇದು ಸರಿ.

ಶಿಬುಸಾವಾ ಅವರ ‘ರೋಂಗೊ ತೊ ಸೊರೊಬಾನ್’ ಪುಸ್ತಕ ಬಂದದ್ದು 1916ರಲ್ಲಿ, ಕಾರ್ಖಾನೆ ಕಾನೂನು ಜಾರಿಯಾದ ವರ್ಷವೇ. ಕನ್‌ಫ್ಯೂಷಿಯಸ್‌ನ ಸಂವಾದ ಒಂದು ಕೈಯಲ್ಲಿ, ಲೆಕ್ಕದ ಮಣಿಚೌಕಟ್ಟು ಇನ್ನೊಂದು ಕೈಯಲ್ಲಿ ಅನ್ನುವುದು ಹೆಸರಿನ ಅರ್ಥ. ಲಾಭ ಪಾಪವಲ್ಲ, ನೀತಿ ಬಿಟ್ಟ ಲಾಭ ನಿಲ್ಲುವುದಿಲ್ಲ ಎಂಬುದು ಸಾರ. ಇದನ್ನು ಅವರು ಮುಖ್ಯವಾಗಿ ಹೇಳಿದ್ದು ಉದ್ಯಮಿಗಳಿಗೆ ಎಂಬುದನ್ನು ಮರೆಯಬಾರದು. 1919ರಲ್ಲಿ ಮಾಲಕ–ಕಾರ್ಮಿಕ ಸಾಮರಸ್ಯಕ್ಕೆಂದು ‘ಕ್ಯೋಚೋಕಾಯ್’ ಸಂಸ್ಥೆ ಸ್ಥಾಪನೆಯಾದಾಗ ಅವರು ಉಪಾಧ್ಯಕ್ಷರಾದರು. ಆದರೆ 1900ರ ಪೊಲೀಸ್ ಕಾನೂನಿನ 17ನೆಯ ಕಲಮು ಮುಷ್ಕರಕ್ಕೆ ಕರೆ ಕೊಡುವುದನ್ನೇ ಅಪರಾಧ ಮಾಡಿತ್ತು. ಅದು ರದ್ದಾದದ್ದು 1926ರಲ್ಲಿ. ಬಾಯಿ ಕಟ್ಟಿ ಸಾಮರಸ್ಯ ಕೇಳುವುದು ಯಾವ ನ್ಯಾಯ ಎಂದು ಕಾರ್ಮಿಕ ನಾಯಕರು ಕೇಳಿದ್ದರಲ್ಲಿ ತಪ್ಪೇನಿದೆ?

ವಿದ್ವಾಂಸರು ಕಟ್ಟಿದ ಚಿತ್ರ

ಎರಡನೆಯ ಮಹಾಯುದ್ಧದ ನಂತರ ಸಂಘಟನೆಗೆ ಕಾನೂನಿನ ಬಲ ಬಂತು. 1950ರ ದಶಕದ ದೊಡ್ಡ ಮುಷ್ಕರಗಳ ನಂತರ, ದೊಡ್ಡ ಕಂಪನಿಗಳಲ್ಲಿ ಖಾಯಂ ನೌಕರಿ, ವಯಸ್ಸಿನ ಪ್ರಕಾರ ಸಂಬಳ ಗಟ್ಟಿಯಾದವು. 1958ರಲ್ಲಿ ಜೇಮ್ಸ್ ಅಬೆಗ್ಲೆನ್ ಜಪಾನಿನ ಕಾರ್ಖಾನೆಯ ಬಗ್ಗೆ ಬರೆದ ಪುಸ್ತಕ ಈ ಜೀವಮಾನದ ಬಂಧವನ್ನು ಹಳೆಯ ಸಂಸ್ಕೃತಿಯ ಮುಂದುವರಿಕೆ ಅಂತ ನೋಡಿತು. ಅರ್ಥಶಾಸ್ತ್ರಜ್ಞ ತೈರಾ ಕೋಜಿ ಅದನ್ನು ಒಪ್ಪಲಿಲ್ಲ. ಶತಮಾನದ ಆರಂಭದಲ್ಲಿ ಕೆಲಸಗಾರರು ಎಷ್ಟು ಬೇಗ ಗಿರಣಿ ಬದಲಿಸುತ್ತಿದ್ದರೋ ನೋಡಿ, ಸಂಸ್ಕೃತಿ ಆಗಲೂ ಇತ್ತಲ್ಲ, ನಿಷ್ಠೆ ಎಲ್ಲಿತ್ತು ಅನ್ನುವುದು ಅವರ ವಾದದ ತಿರುಳು.

ನಂತರ ಸಮೀಕ್ಷೆಗಳ ಕಾಲ ಬಂತು. ಮೈಕೆಲ್ ಬಾಂಡ್ ತಂಡದ ಚೀನೀ ಮೌಲ್ಯ ಸಮೀಕ್ಷೆಯನ್ನು ಆಧರಿಸಿ 1988ರಲ್ಲಿ ಹೋಫ್‌ಸ್ಟೆಡ್ ಮತ್ತು ಬಾಂಡ್ ಪೂರ್ವ ಏಷ್ಯಾದ ಏಳಿಗೆಗೆ ಕನ್‌ಫ್ಯೂಷಿಯಸ್ ನಂಟನ್ನು ಮುಂದಿಟ್ಟರು. ಛಲ, ಮಿತವ್ಯಯ, ಮೇಲು–ಕೆಳಗಿನ ಕ್ರಮಕ್ಕೆ ಗೌರವ, ನಾಚಿಕೆ, ಇವು ಸೂಚ್ಯಂಕದ ಒಂದು ತುದಿ. ಅದರ ಅಂಕಪಟ್ಟಿ ನೋಡಿ. ಜಪಾನಿಗೆ 80. ಸಿಂಗಪುರಕ್ಕೆ 48. ಕನ್‌ಫ್ಯೂಷಿಯಸ್ ಓದದ ಭಾರತಕ್ಕೆ 61, ಬ್ರೆಜಿಲ್‌ಗೆ 65! ಸೂಚ್ಯಂಕ ಏನನ್ನೋ ಅಳೆಯುತ್ತಿದೆ, ಸಂಶಯವಿಲ್ಲ. ಆದರೆ ಅದಕ್ಕೆ ಕನ್‌ಫ್ಯೂಷಿಯಸ್ ಹೆಸರು ಎಷ್ಟು ಹೊಂದುತ್ತದೆ? ಹೋಫ್‌ಸ್ಟೆಡ್ ಸ್ವತಃ ಮುಂದೆ ಅದನ್ನು ‘ದೀರ್ಘಕಾಲದ ದೃಷ್ಟಿ’ ಎಂದು ಕರೆದರು.

ಇತ್ತೀಚಿನ ಸಂಶೋಧನೆ ಇನ್ನೂ ಸೂಕ್ಷ್ಮವಾಗಿದೆ. 2000ರಲ್ಲಿ ಫಾರ್ ಮತ್ತು ಚೆಂಗ್ ಚೀನೀ ಸಂಸ್ಥೆಗಳ ‘ತಂದೆಯಂಥ ನಾಯಕತ್ವ’ವನ್ನು ಮೂರು ಭಾಗ ಮಾಡಿದರು: ದರ್ಪ, ಕರುಣೆ, ಸ್ವಂತ ನಡತೆಯ ಶುದ್ಧತೆ. ತೈವಾನಿನ ಕಂಪನಿಗಳಲ್ಲಿ ಈ ಚೌಕಟ್ಟಿನಿಂದ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕರುಣೆ ಮತ್ತು ನಡತೆ ನೌಕರರ ವಿಶ್ವಾಸವನ್ನು, ಅದರ ಮೂಲಕ ಕೆಲಸವನ್ನು ಹೆಚ್ಚಿಸಿದವು. ದರ್ಪ ಕೆಲಸವನ್ನು ಕೆಳಗೆ ಎಳೆಯಿತು. ಓಡಾಕಾ ತಮ್ಮ ಮಗಳನ್ನು ಸೇರಿಸಿದ್ದು, ಮುತೊ ನಿಧಿ ಕಟ್ಟಿದ್ದು, ಸುವಾದ ಬೀಗ ಹಾಕಿದ ಹಾಸ್ಟೆಲ್ಲು, ಈ ಮೂರನ್ನು ಆ ಕೋಷ್ಟಕದ ಪಕ್ಕ ಇಟ್ಟು ನೋಡಿದರೆ ಚರಿತ್ರೆ, ಸಮೀಕ್ಷೆ ಎರಡೂ ಒಂದೇ ಕಡೆ ಕೈ ತೋರುತ್ತವೆ.

ಕೊನೆಯ ಮಾತು

ಹೊಸೂರು, ಬಿಡದಿ ಕಡೆಯ ಕಾರ್ಖಾನೆಗಳ ಗೋಡೆಯ ಮೇಲೆ ಇವತ್ತು ‘ಕೈಜೆನ್’, ‘ಫೈವ್ ಎಸ್’ ಫಲಕಗಳಿವೆ. ನಮ್ಮ ಗಡಿನಾಡಿನ ಹುಡುಗರು, ಹುಡುಗಿಯರು ಅಲ್ಲಿ ದುಡಿಯುತ್ತಾರೆ. ಪೂರ್ವದ ಶಿಸ್ತು ಕಲಿಯಿರಿ ಅನ್ನುವ ಮಾತು ಅವರ ಕಿವಿಗೂ ಬೀಳುತ್ತದೆ. ಜಪಾನಿನಲ್ಲೇ ಆ ಶಿಸ್ತಿನ ಇನ್ನೊಂದು ಮುಖಕ್ಕೆ ‘ಕರೋಶಿ’ ಅಂತ ಹೆಸರಿದೆ, ಅಂದರೆ ಅತಿದುಡಿಮೆಯ ಸಾವು. ಅದನ್ನು ತಡೆಯಲು 2014ರಲ್ಲಿ ಕಾನೂನೇ ಮಾಡಬೇಕಾಯಿತು. ಹಾಗಾಗಿ ಶಿಸ್ತಿನ ಪಾಠ ಓದುವಾಗ, ಮೇಲಿನವನಿಗೆ ಹೇಳಿದ ಪುಟಗಳನ್ನು ಯಾರೋ ಹರಿದು ತೆಗೆದಿದ್ದಾರೆಯೇ ಅಂತ ಮೊದಲು ನೋಡಬೇಕು.

ಚರ್ಚೆಯಿಂದ

*ನಮ್ಮ ಕಾಯಕ ತತ್ವವನ್ನೂ ಹೀಗೆ ಓದಬಹುದೇ ಎಂದು ಅಕ್ಕಲಕೋಟದ ಸಹಪಾಠಿಯೊಬ್ಬರು ಕೇಳಿದರು.*

ಎರಡನ್ನೂ ಒಂದೇ ಅನ್ನಲಾರೆ. ಹನ್ನೆರಡನೆಯ ಶತಮಾನದ ಶರಣರು ಮೇಲು–ಕೆಳಗನ್ನು ಪ್ರಶ್ನಿಸಿದವರು, ಕನ್‌ಫ್ಯೂಷಿಯಸ್ ಅದನ್ನು ಒಪ್ಪಿ ಅದಕ್ಕೆ ನೀತಿ ಹೇಳಿದವನು. ಆದರೆ ಒಂದು ಎಚ್ಚರ ಎರಡಕ್ಕೂ ಹೊಂದುತ್ತದೆ. ಕಾಯಕದ ಜೊತೆಗೆ ದಾಸೋಹ ಇದೆ, ಗಳಿಸಿದ್ದನ್ನು ಹಂಚುವುದು. ಕಂಪನಿಯ ತರಬೇತಿಯಲ್ಲಿ ಕಾಯಕದ ಬಗ್ಗೆ ಒಂದು ತಾಸು ಮಾತಾಡಿ, ದಾಸೋಹದ ಹೆಸರನ್ನೇ ಎತ್ತದಿದ್ದರೆ ಅದು ಸುವಾದ ಗಿರಣಿಯ ಪಾಠದ ಹಾಗೆಯೇ ಅರ್ಧ ಪಾಠ.

*ಹಾಗಾದರೆ ನಮ್ಮ ಪ್ರಬಂಧಗಳಿಗೆ ಪ್ರಶ್ನಾವಳಿ ಹೇಗೆ ಮಾಡಬೇಕು ಎಂದು ಮ್ಯಾನೇಜ್‌ಮೆಂಟ್ ವಿಭಾಗದ ಗುರುಗಳು ಕೇಳಿದರು.*

ಸರ್, ಮೂರು ಸಲಹೆ. ಒಂದು, ನೌಕರನ ನಿಷ್ಠೆ, ವಿಧೇಯತೆಯ ಬಗ್ಗೆ ಎಷ್ಟು ಪ್ರಶ್ನೆ ಇಡುತ್ತೇವೋ, ಮೇಲಿನವನ ಕರುಣೆ, ನ್ಯಾಯ, ಮಾತು ಉಳಿಸಿಕೊಳ್ಳುವಿಕೆಯ ಬಗ್ಗೆಯೂ ಅಷ್ಟೇ ಪ್ರಶ್ನೆ ಇಡಬೇಕು. ಎರಡು, ಕಾರ್ಯಕ್ಷಮತೆಯ ಅಂಕವನ್ನು ಮೇಲಧಿಕಾರಿಯಿಂದ ಮಾತ್ರ ಪಡೆಯಬಾರದು. ಹಾಜರಿ ಪುಸ್ತಕ, ಕೆಟ್ಟ ಮಾಲಿನ ಲೆಕ್ಕ, ರಜೆ, ಕಾಯಿಲೆ ಇವನ್ನೂ ನೋಡಬೇಕು. ಮೂರು, ಕೆಲಸದಲ್ಲಿ ಇರುವವರನ್ನು ಮಾತ್ರ ಕೇಳಿದರೆ ಉಳಿದವರ ಉತ್ತರ ಮಾತ್ರ ಸಿಗುತ್ತದೆ. ಕಳೆದ ಎರಡು ಮೂರು ವರ್ಷದಲ್ಲಿ ಬಿಟ್ಟುಹೋದವರ ಪಟ್ಟಿ ತೆಗೆದುಕೊಂಡು ಅವರ ಮನೆಗೂ ಹೋಗಬೇಕು. ಜಪಾನಿನ ಗಿರಣಿಗಳ ಬಗ್ಗೆ ನಮಗೆ ನಿಜ ಗೊತ್ತಾದದ್ದು ಮಾಲಕರ ಭಾಷಣದಿಂದ ಅಲ್ಲ, ಓಡಿಹೋದವರ ಲೆಕ್ಕದಿಂದ, ಊರಿಗೆ ಮರಳಿ ಸತ್ತವರ ಲೆಕ್ಕದಿಂದ.